ಚಿತ್ರಕಾರನ ಹಟ

ಕಥೆ ಬರೆದವನ ಹೆಸರು ಪುಸ್ತಕದ ಹೊದಿಕೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುತ್ತದೆ. ಚಿತ್ರ ಬರೆದವನ ಹೆಸರು ಒಳಪುಟದ ಯಾವುದೋ ಮೂಲೆಯಲ್ಲಿ ಅಡಗಿರುತ್ತದೆ. ಚಿತ್ರವೆಂಬುದು ಎಲೆಯ ತುದಿಯ ಉಪ್ಪಿನಕಾಯಿಯಂತೆ, ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಊಟಕ್ಕೆ ಕೊರತೆಯಿಲ್ಲ ಎಂದು ಭಾವಿಸುವವರೇ ಹೆಚ್ಚು. ಇನ್ನು ಕೆಲವರು, ಅದ್ಭುತ ಕಥೆಗಳಿಗೆ ಚಿತ್ರವೇ ಕೂಡದು, ಅದು ಮಗುವಿನ ಕಲ್ಪನೆಗೆ ಬೇಲಿ ಹಾಕುತ್ತದೆ ಎನ್ನುವರು. ಈ ಎರಡು ಅಭಿಪ್ರಾಯಗಳೂ ಎಷ್ಟು ದುರ್ಬಲವೆಂಬುದನ್ನು ಅರಿಯಲು ಆಂಗ್ಲ ಚಿತ್ರಕಾರ ಜಾನ್ ಟೆನಿಯಲ್‌ನ ಕೆಲಸವನ್ನು ನೋಡಬೇಕು.

1820ರಲ್ಲಿ ಲಂಡನ್ನಿನಲ್ಲಿ ಜನಿಸಿದ ಟೆನಿಯಲ್, ಇಪ್ಪತ್ತರ ಹರೆಯದಲ್ಲಿ ತಂದೆಯೊಡನೆ ಕತ್ತಿವರಸೆ ಆಡುತ್ತಿದ್ದಾಗ ಪೆಟ್ಟು ತಗುಲಿ ಬಲಗಣ್ಣಿನ ದೃಷ್ಟಿಯನ್ನು ಕಳೆದುಕೊಂಡನು. ಉಳಿದ ಒಂದೇ ಕಣ್ಣಿನಿಂದ ಅರ್ಧ ಶತಮಾನದ ಕಾಲ 'ಪಂಚ್' ಎಂಬ ವಾರಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನು ರಚಿಸಿದನು. 1864ರಲ್ಲಿ ಆಕ್ಸ್‌ಫರ್ಡಿನ ಗಣಿತದ ಅಧ್ಯಾಪಕನೊಬ್ಬನು ತನ್ನ ಕಥೆಗೆ ಚಿತ್ರ ಬರೆಯಬೇಕೆಂದು ಈತನನ್ನು ಕೇಳಿಕೊಂಡನು. ಲೂಯಿಸ್ ಕ್ಯಾರಲ್ ಎಂಬ ಹೆಸರಿನಿಂದ ಲೋಕವಿಖ್ಯಾತನಾದವನು ಆ ಅಧ್ಯಾಪಕನೇ. ಕನ್ನಡಕ್ಕೆ ನಾ. ಕಸ್ತೂರಿಯವರು 'ಪಾತಾಳದಲ್ಲಿ ಪಾಪಚ್ಚಿ' ಎಂದು ತಂದುಕೊಟ್ಟ ಆಲಿಸ್‌ಳ ಕಥೆಯೇ ಅದು. ಕೈಬರಹದ ಪ್ರತಿಗೆ ಕ್ಯಾರಲ್ ತಾನೇ 37 ಚಿತ್ರಗಳನ್ನು ಬರೆದಿದ್ದನು. ಆದರೆ ಅಚ್ಚಿನ ಪುಸ್ತಕಕ್ಕೆ ತನ್ನ ಕೈ ಸಾಲದೆಂದು ತಿಳಿಯುವಷ್ಟು ವಿವೇಕ ಆತನಿಗಿತ್ತು.

ಆಲಿಸ್ ನೋಡಲು ಹೇಗಿದ್ದಳೆಂಬುದನ್ನು ಕ್ಯಾರಲ್ ಹೆಚ್ಚುಕಡಮೆ ಹೇಳುವುದೇ ಇಲ್ಲ. ಹದ್ದಿನ ತಲೆಯ, ಸಿಂಹದ ಮೈಯ ವಿಚಿತ್ರ ಪ್ರಾಣಿಯೊಂದು ಬಂದಾಗ ವರ್ಣಿಸುವ ಗೋಜಿಗೂ ಹೋಗದೆ, ಗೊತ್ತಿಲ್ಲದವರು ಚಿತ್ರವನ್ನು ನೋಡಿಕೊಳ್ಳಲಿ ಎಂದು ಸುಮ್ಮನಾಗುತ್ತಾನೆ. ಬರೆದವನೇ ಹೀಗೆ ಬಿಟ್ಟುಕೊಟ್ಟ ಜಾಗದಲ್ಲಿ ನಿಂತ ಚಿತ್ರವನ್ನು ಅಲಂಕಾರವೆಂದು ಕರೆಯುವುದು ಹೇಗೆ? ಇಂದಿಗೂ ಆಲಿಸ್ ಎಂದೊಡನೆ ಕಣ್ಣೆದುರು ನಿಲ್ಲುವ ನೀಳಗೂದಲಿನ, ಮೇಲುಡುಪಿನ ಹುಡುಗಿ ಟೆನಿಯಲ್‌ನ ಸೃಷ್ಟಿ.

ಆ ಕಾಲದಲ್ಲಿ ಚಿತ್ರವು ಕಾಗದದಿಂದ ನೇರವಾಗಿ ಅಚ್ಚಿಗೆ ಹೋಗುತ್ತಿರಲಿಲ್ಲ. ಗಟ್ಟಿಮರದ ತುಂಡಿನ ಮೇಲೆ ಅದನ್ನು ಎಡಬಲ ತಿರುಗಿಸಿ ಬರೆಯಬೇಕಾಗಿತ್ತು. ಗೆರೆಗಳನ್ನು ಮಾತ್ರ ಉಬ್ಬಾಗಿ ಉಳಿಸಿ, ಬಿಳಿಯ ಭಾಗವನ್ನೆಲ್ಲ ಕೆತ್ತನೆಗಾರರು ಸಣ್ಣ ಉಳಿಯಿಂದ ತೆಗೆಯುತ್ತಿದ್ದರು. ಡಾಲ್ಜಿಯಲ್ ಸಹೋದರರು ಹೀಗೆ ಕೆತ್ತಿದ 42 ಚಿತ್ರಗಳೊಡನೆ ಪುಸ್ತಕವು 1865ರಲ್ಲಿ ಅಚ್ಚಾಯಿತು. ಎರಡು ಸಾವಿರ ಪ್ರತಿಗಳು ಸಿದ್ಧವಾಗಿದ್ದುವು. ಟೆನಿಯಲ್ ನೋಡಿದನು; ಚಿತ್ರಗಳ ಮುದ್ರಣ ತನಗೆ ಒಪ್ಪಿಗೆಯಾಗಲಿಲ್ಲವೆಂದು ಖಂಡಿತವಾಗಿ ತಿಳಿಸಿದನು. ಪ್ರಕಟಣೆಯ ವೆಚ್ಚವೆಲ್ಲ ಕ್ಯಾರಲ್‌ನ ಕೈಯಿಂದಲೇ ಆಗಿತ್ತು. ಹಾಗಿದ್ದರೂ ಆತನು ಆ ಮುದ್ರಣವನ್ನು ಹಿಂತೆಗೆದುಕೊಂಡು, ಬೇರೊಂದು ಮುದ್ರಣಾಲಯದಲ್ಲಿ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದನು.

ಇದು ಅಹಂಕಾರವಲ್ಲವೇ ಎಂದು ಕೇಳಬಹುದು. ಕೂಲಿಗಾಗಿ ಚಿತ್ರ ಬರೆದವನು ಪರರ ಹಣಕ್ಕೆ ನಷ್ಟ ತಂದನೆಂದೂ ಹೇಳಬಹುದು. ಆದರೆ ತನ್ನ ಗೆರೆ ಓದುಗನ ಕೈಗೆ ಹೇಗೆ ತಲುಪುತ್ತದೆಂಬುದನ್ನು ಗಮನಿಸದವನು ಅರ್ಧ ಕೆಲಸ ಮಾಡಿದಂತೆ. ಮಕ್ಕಳ ಪುಸ್ತಕ ತಾನೇ, ಹೇಗಿದ್ದರೂ ನಡೆದೀತು ಎಂಬ ಮಾತು ಎಲ್ಲ ಕಾಲದಲ್ಲಿಯೂ ಸುಲಭವಾಗಿ ಬರುವ ಮಾತು. ಟೆನಿಯಲ್ ಅದನ್ನು ಒಪ್ಪಲಿಲ್ಲ. ಮೆಚ್ಚತಕ್ಕ ಸಂಗತಿಯೆಂದರೆ, ಹಣ ಕಳೆದುಕೊಂಡ ಕ್ಯಾರಲ್ ಕೂಡ ಒಪ್ಪಲಿಲ್ಲ.

1871ರ ಕೊನೆಯಲ್ಲಿ ಹೊರಬಂದ ಎರಡನೆಯ ಕಥೆಯಲ್ಲಿ ಈ ಹಟ ಇನ್ನೂ ಮುಂದುವರಿಯಿತು. ಕೃತಕ ಕೂದಲು ತೊಟ್ಟ ಕಣಜವೊಂದರ ಪ್ರಸಂಗವನ್ನು ಕ್ಯಾರಲ್ ಬರೆದಿದ್ದನು. ಅದು ಚಿತ್ರಕಲೆಗೆ ನಿಲುಕದ್ದು, ಅಲ್ಲದೆ ರುಚಿಸುವುದೂ ಇಲ್ಲವೆಂದು ಟೆನಿಯಲ್ ಪತ್ರ ಬರೆದನು. ಪ್ರಸಂಗ ಹೊರಗೆ ಹೋಯಿತು. ಅದರ ಕರಡಚ್ಚು 1974ರಲ್ಲಿ ಲಂಡನ್ನಿನ ಹರಾಜಿಗೆ ಬಂದು, ಮುಂದೆ ಪ್ರಕಟವೂ ಆಯಿತು. ಓದಿದವರಿಗೆ ಟೆನಿಯಲ್ ಹೇಳಿದ್ದರಲ್ಲಿ ತಪ್ಪು ಕಾಣುವುದು ಕಷ್ಟ. ಅದೇ ಪುಸ್ತಕದಲ್ಲಿ ಆಲಿಸ್ ಕನ್ನಡಿಯೊಳಕ್ಕೆ ನುಗ್ಗುವ ಚಿತ್ರ ಹಾಳೆಯ ಒಂದು ಮಗ್ಗುಲಿನಲ್ಲಿದೆ. ಅವಳು ಆಚೆಗೆ ಹೊರಬರುವ ಚಿತ್ರ ಅದೇ ಹಾಳೆಯ ಹಿಂಬದಿಯಲ್ಲಿದೆ. ಹಾಳೆಯೇ ಕನ್ನಡಿಯಾಗಿ, ಪುಟ ತಿರುವುವ ಮಗು ಆಲಿಸ್‌ಳೊಡನೆ ತಾನೂ ಆಚೆಗೆ ದಾಟುತ್ತದೆ. ಇದನ್ನು ಬೇಲಿ ಎನ್ನುವವರು ಬಾಗಿಲನ್ನು ಕಂಡಿಲ್ಲ.

ಬೇಲಿಯೇ ಆಗಿದ್ದರೆ ಬೇರೆ ಚಿತ್ರಕಾರರು ಒಳಗೆ ಬರುತ್ತಿರಲಿಲ್ಲ. 1907ರಲ್ಲಿ ಮೊದಲ ಪುಸ್ತಕದ ಹಕ್ಕು ಮುಗಿದ ಕೂಡಲೆ ಆರ್ಥರ್ ರಾಕ್‌ಹ್ಯಾಮ್ ಮೊದಲಾದವರು ಆಲಿಸ್‌ಳನ್ನು ತಮ್ಮ ತಮ್ಮ ರೀತಿಯಲ್ಲಿ ಬರೆದರು, ಇಂದಿಗೂ ಬರೆಯುತ್ತಿದ್ದಾರೆ. ಟೆನಿಯಲ್ 1914ರಲ್ಲಿ ತೀರಿಕೊಂಡನು. ಪುಸ್ತಕಗಳನ್ನು ತಾಮ್ರದ ಪಡಿಯಚ್ಚುಗಳಿಂದ ಮುದ್ರಿಸುತ್ತಿದ್ದುದರಿಂದ ಮೂಲದ ಮರದ ಅಚ್ಚುಗಳು ಸವೆದಿರಲಿಲ್ಲ. 1985ರಲ್ಲಿ ಅವು ಲಂಡನ್ನಿನ ಬ್ಯಾಂಕೊಂದರ ಭದ್ರಕೋಣೆಯಲ್ಲಿ ದೊರೆತುವು. ಮೂರು ವರ್ಷಗಳ ಅನಂತರ ಆ ಮರಕ್ಕೇ ಮಸಿ ಹಚ್ಚಿ ಚಿತ್ರಗಳನ್ನು ತೆಗೆದಾಗ, ಟೆನಿಯಲ್ ಬಯಸಿದ್ದ ಸೂಕ್ಷ್ಮ ಗೆರೆಗಳು ಕಾಗದದ ಮೇಲೆ ಮೂಡಿ ಬಂದುವು.