ಅವಳಿ ಬಸಿರು: ಮಾಸು ಒಂದೋ, ಎರಡೋ?

ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳಾಗುತ್ತವೆ ಎಂದು ಹಳಬರು ಹೇಳುವುದುಂಟು. ಆದರೆ ಹಣ್ಣಿಗೂ ಅವಳಿಗೂ ಯಾವ ಸಂಬಂಧವೂ ಇಲ್ಲ. ತಾಯಿಯ ಅಂಡಾಶಯದಿಂದ ಒಂದೇ ತಿಂಗಳಲ್ಲಿ ಎರಡು ಅಂಡಗಳು ಹೊರಬಂದು, ಎರಡೂ ಫಲಿತವಾದರೆ ಹುಟ್ಟುವವರು ಭಿನ್ನ ಅವಳಿಗಳು. ಇವರು ಒಟ್ಟಿಗೆ ಬೆಳೆದ ಒಡಹುಟ್ಟಿದವರಷ್ಟೇ. ಒಂದು ಗಂಡು, ಒಂದು ಹೆಣ್ಣು ಆಗಿರಲೂಬಹುದು. ಫಲಿತವಾದ ಒಂದೇ ಅಂಡ ಎರಡಾಗಿ ಒಡೆದರೆ ಏಕರೂಪಿ ಅವಳಿಗಳು ಹುಟ್ಟುತ್ತಾರೆ.

ಪಠ್ಯಪುಸ್ತಕದ ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ವೈದ್ಯರಿಗೆ ಮಾತ್ರ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಶಿಶುಗಳಿಗೆ ಮಾಸು ಒಂದೋ, ಎರಡೋ?

ತಾಯಿಯ ರಕ್ತದಿಂದ ಆಹಾರ, ಆಮ್ಲಜನಕಗಳನ್ನು ಶಿಶುವಿಗೆ ಒದಗಿಸುವ ಅಂಗವೇ ಮಾಸು. ಭಿನ್ನ ಅವಳಿಗಳಿಗೆ ಬೇರೆ ಬೇರೆ ಮಾಸು ಇರುತ್ತದೆ. ಏಕರೂಪಿ ಅವಳಿಗಳಲ್ಲಿ ಅಂಡ ಮೊದಲ ಮೂರು ದಿನಗಳೊಳಗೆ ಒಡೆದರೆ ಮಾಸು ಎರಡು. ತಡವಾಗಿ ಒಡೆದರೆ ಒಂದೇ. ಸುಮಾರು ಮೂರರಲ್ಲಿ ಎರಡು ಏಕರೂಪಿ ಜೋಡಿಗಳು ಹೀಗೆ ಒಂದೇ ಮಾಸನ್ನು ಹಂಚಿಕೊಳ್ಳುತ್ತವೆ.

ಹಂಚಿಕೊಂಡ ಮಾಸಿನಲ್ಲಿ ಇಬ್ಬರ ರಕ್ತನಾಳಗಳೂ ಒಂದಕ್ಕೊಂದು ಕೂಡಿರುತ್ತವೆ. ಇಂಥ ಬಸಿರುಗಳಲ್ಲಿ ನೂರಕ್ಕೆ 10ರಿಂದ 15ರಲ್ಲಿ ಒಂದು ಶಿಶುವಿನ ರಕ್ತ ಇನ್ನೊಂದಕ್ಕೆ ಹೆಚ್ಚಾಗಿ ಹರಿಯುತ್ತದೆ. ಕೊಡುವ ಶಿಶು ಸೊರಗುತ್ತದೆ, ಅದರ ಸುತ್ತಲಿನ ನೀರು ಬತ್ತುತ್ತದೆ. ಪಡೆಯುವ ಶಿಶುವಿನ ಸುತ್ತ ನೀರು ಮಿತಿಮೀರಿ, ಅದರ ಹೃದಯ ಬಳಲುತ್ತದೆ. ಸಕಾಲದಲ್ಲಿ ಗೊತ್ತಾದರೆ ಆ ನಾಳಗಳನ್ನು ಲೇಸರ್‌ನಿಂದ ಮುಚ್ಚುವ ಚಿಕಿತ್ಸೆ ಇದೆ. ಗೊತ್ತಾಗದಿದ್ದರೆ ಎರಡೂ ಜೀವಗಳಿಗೆ ಅಪಾಯ.

ಗೊತ್ತಾಗುವುದು ಹೇಗೆ? 11ರಿಂದ 14 ವಾರಗಳ ನಡುವೆ ಮಾಡಿಸುವ ಸ್ಕ್ಯಾನಿಂಗ್‌ನಿಂದ. ಶಿಶುಗಳ ನಡುವಿನ ಪರದೆ ಮಾಸಿಗೆ ಸೇರುವ ಜಾಗ ಗ್ರೀಕರ ‘ಲ್ಯಾಂಬ್ಡಾ’ ಅಕ್ಷರದಂತೆ ಕಂಡರೆ ಮಾಸು ಎರಡು. ಇಂಗ್ಲಿಷಿನ ‘ಟಿ’ಯಂತೆ ಕಂಡರೆ ಒಂದು. ತಿಂಗಳುಗಳು ಕಳೆದಂತೆ ಈ ಗುರುತು ಮಸುಕಾಗುತ್ತದೆ. ಮಾಸು ಒಂದೇ ಆಗಿದ್ದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕು. ಈ ನಡುವೆ ಹೊಟ್ಟೆ ದಿಢೀರನೆ ಉಬ್ಬಿ ಬಿಗಿದರೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಮಾಸು ಎರಡಿದ್ದರೂ ತಾಯಿಗೆ ಹೊರೆ ತಪ್ಪಿದ್ದಲ್ಲ. ರಕ್ತಹೀನತೆ, ರಕ್ತದೊತ್ತಡ, ಬಸಿರಿನ ಸಕ್ಕರೆ ಕಾಯಿಲೆ ಅವಳಿ ಬಸಿರಿನಲ್ಲಿ ಹೆಚ್ಚು. ಕಬ್ಬಿಣದ ಮಾತ್ರೆ ತಪ್ಪಿಸಬಾರದು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ರಕ್ತಸ್ರಾವ, ನೀರು ಹೋಗುವುದು, ಶಿಶುಗಳ ಚಲನೆ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಧಾವಿಸಬೇಕು.

ಅರ್ಧಕ್ಕಿಂತ ಹೆಚ್ಚು ಅವಳಿಗಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆ ಇದ್ದಾಗ ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನಿಂದ ಶಿಶುಗಳ ಶ್ವಾಸಕೋಶ ಬೇಗ ಬಲಿಯುತ್ತದೆ. ಆದ್ದರಿಂದ ನವಜಾತ ಶಿಶು ಘಟಕ, ರಕ್ತದ ವ್ಯವಸ್ಥೆ, ಶಸ್ತ್ರಚಿಕಿತ್ಸೆಯ ಸೌಲಭ್ಯಗಳಿರುವ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ತವರಿಗೆ ಕಳುಹಿಸುವ ಮುನ್ನ, ಅಂಥ ಆಸ್ಪತ್ರೆ ಅಲ್ಲಿಂದ ಎಷ್ಟು ದೂರ ಎಂದು ಎರಡೂ ಮನೆಯವರು ಯೋಚಿಸಬೇಕು.

ಅವಳಿ ಎಂದು ತಿಳಿದ ಕೂಡಲೇ ಗಂಡೋ ಹೆಣ್ಣೋ ಎಂಬ ಕುತೂಹಲ ಮನೆಯಲ್ಲಿ ಮೂಡುವುದು ಸಹಜ. ಭ್ರೂಣದ ಲಿಂಗ ಪತ್ತೆ ನಮ್ಮ ದೇಶದಲ್ಲಿ ಕಾನೂನಿನಂತೆ ಅಪರಾಧ. ಆ ದಿನ ವೈದ್ಯರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಬೇಕಾದ ಸಂಗತಿ ಒಂದೇ: ಮಾಸು ಒಂದೋ, ಎರಡೋ?