ತುಮಕೂರಿನ ಪಾಠಕ್ಕೆ ಬಗೆದ ದ್ರೋಹ

ವಾರಗಟ್ಟಲೆ ಕೆಮ್ಮಿಕೊಂಡು ಬಂದವರಿಗೆ ಕಫ ಪರೀಕ್ಷೆ ಮಾಡದೆ ಸಿರಪ್ ಬಾಟಲಿ ಕೊಟ್ಟು ಕಳಿಸುವುದು ಅಪರಾಧ. ಈ ಚಾಳಿ ಬಯಲಾಗಿ ಅರವತ್ತು ವರ್ಷ ದಾಟಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 1963ರಲ್ಲಿ ಪ್ರಕಟಿಸಿದರು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುತೇಕರಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಚಿಕಿತ್ಸೆ ಕೇಳಿಕೊಂಡು ಹೋಗಿಯೂ ಇದ್ದರು. ಕೆಮ್ಮಿನ ಔಷಧಿ ಹಿಡಿದು ವಾಪಸಾಗಿದ್ದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಎಂಬ ಸಬೂಬು ಅಂದೇ ಸತ್ತಿತು.

ಅದಕ್ಕೂ ಹಿಂದೆ ಕ್ಷಯಕ್ಕೆ ರೋಗಿಗಳನ್ನು ಇರಿಸಿಕೊಳ್ಳುವ ಸ್ಯಾನಿಟೋರಿಯಂ ಎಂಬುದೇ ಉತ್ತರವಾಗಿತ್ತು. ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಲ್ಲಿ ಮೈಸೂರಿನಲ್ಲೂ ಒಂದು ಎದ್ದಿತ್ತು. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಪ್ರಯೋಗ, ಇಕ್ಕಟ್ಟಾದ ಬಡವರ ಮನೆಯಲ್ಲೂ ಮಾತ್ರೆ ಸರಿಯಾಗಿ ಸಿಕ್ಕರೆ ರೋಗ ವಾಸಿಯಾಗುತ್ತದೆಂದು ತೋರಿಸಿತು. ತುಮಕೂರು, ಮದ್ರಾಸುಗಳ ಈ ಎರಡೂ ಅರಿವು ಸೇರಿ, ತುಮಕೂರಿನ ಅಧ್ಯಯನ ಪ್ರಕಟವಾಗುವ ಮೊದಲೇ, 1962ರಲ್ಲಿ ಜಿಲ್ಲಾ ಕ್ಷಯ ನಿಯಂತ್ರಣ ಕಾರ್ಯಕ್ರಮ ಬಂತು: ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಕಫ ಪರೀಕ್ಷೆ, ಅಲ್ಲೇ ಉಚಿತ ಔಷಧಿ. ಗಾಜಿನ ಪಟ್ಟಿಗೆ ಸವರಿದ ಕಫಕ್ಕೆ ಕೆಂಪು ಬಣ್ಣ ಹಾಕಿ, ಬಿಸಿ ಮಾಡಿ, ಆಮ್ಲದಲ್ಲಿ ತೊಳೆದು, ಮೇಲೆ ನೀಲಿ ಹಾಕುತ್ತಾರೆ. ಆಮ್ಲಕ್ಕೂ ಬಣ್ಣ ಬಿಡದ ರೋಗಾಣುಗಳು ನೀಲಿಯ ನಡುವೆ ಕೆಂಪು ಕಡ್ಡಿಗಳಾಗಿ ಕಾಣುತ್ತವೆ. ಬೇಕಿದ್ದುದು ಒಂದು ಸೂಕ್ಷ್ಮದರ್ಶಕ, ತಾಳ್ಮೆಯಿಂದ ಕೂರುವ ಒಬ್ಬ ಲ್ಯಾಬ್ ಟೆಕ್ನೀಷಿಯನ್. ಇಷ್ಟನ್ನೂ ಸರ್ಕಾರಗಳು ನೆಟ್ಟಗೆ ಒದಗಿಸಲಿಲ್ಲ.

ತುರ್ತುಪರಿಸ್ಥಿತಿಯ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯನ್ನು ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿ ಮುಟ್ಟಿಸಲು ಓಡಿಸಲಾಯಿತು. ಕ್ಷಯ ಕಡತಕ್ಕೆ ಸರಿಯಿತು. ಕಾರ್ಯಕ್ರಮದ 1992ರ ಪರಾಮರ್ಶೆ ಕಂಡದ್ದು ಹಣದ ಅಭಾವ, ಔಷಧಿ ಕೊರತೆ, ಕಫ ಬಿಟ್ಟು ಎಕ್ಸ್‌ರೇ ನಂಬುವ ಚಾಳಿ. ಚಿಕಿತ್ಸೆ ಪೂರ್ಣಗೊಳಿಸಿದವರು ಅರ್ಧಕ್ಕಿಂತ ಕಡಿಮೆ. ಆಗ ರೋಗಿಗಳನ್ನೇ ‘ಚಿಕಿತ್ಸೆ ಬಿಟ್ಟವರು’ ಎಂದು ದೂರಿದ್ದು ಅನ್ಯಾಯ. ಅವರನ್ನು ಬಿಟ್ಟದ್ದು ಆಡಳಿತ.

ಇಂದು? 2025ಕ್ಕೆ ಕ್ಷಯ ಕೊನೆಗಾಣಿಸುತ್ತೇವೆಂದು 2018ರಲ್ಲಿ ಕೇಂದ್ರ ಸರ್ಕಾರ ಘೋಷಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2015ರಲ್ಲಿ ಲಕ್ಷ ಜನರಿಗೆ 237 ಇದ್ದ ಹೊಸ ಪ್ರಕರಣಗಳು 2024ರಲ್ಲಿ 187ಕ್ಕೆ ಇಳಿದಿವೆ. ಇಳಿಕೆ ನಿಜ, ಆದರೆ ಗುರಿ ತಪ್ಪಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರವೇ ರಾಜ್ಯಗಳಿಗೆ ಔಷಧಿಯನ್ನು ಸ್ಥಳೀಯವಾಗಿ ಖರೀದಿಸಿಕೊಳ್ಳಿ ಎಂದು ಬರೆಯಬೇಕಾಯಿತು. ದಿನ ತಪ್ಪಿದ ಮಾತ್ರೆ ರೋಗಾಣುವನ್ನು ಔಷಧಿಗೆ ಬಗ್ಗದಂತೆ ಮಾಡುತ್ತದೆಂದು ಬಲ್ಲ ಸರ್ಕಾರ ದಾಸ್ತಾನು ಬರಿದಾಗಲು ಬಿಟ್ಟದ್ದಕ್ಕೆ ಕ್ಷಮೆಯಿಲ್ಲ.

ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವ ಅಭಿಯಾನಗಳು ಬೇಕು. ಆದರೆ ಬಾಗಿಲಿಗೆ ಬಂದವರನ್ನು ಕಳೆದುಕೊಳ್ಳುವ ವ್ಯವಸ್ಥೆ ಅವನ್ನಷ್ಟೇ ಸಾಧನೆಯೆಂದು ತೋರಿಸಕೂಡದು. ಎರಡು ವಾರ ಮೀರಿದ ಕೆಮ್ಮಿನೊಂದಿಗೆ ಬಂದವರೆಷ್ಟು, ಅವರಲ್ಲಿ ಎಷ್ಟು ಜನರ ಕಫ ಪರೀಕ್ಷೆಯಾಯಿತು, ಔಷಧಿ ಇಲ್ಲದ ದಿನಗಳೆಷ್ಟು: ಈ ಲೆಕ್ಕವನ್ನು ರಾಜ್ಯದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರವೂ ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿ ಫಲಕದಲ್ಲಿ ಹಾಕಬೇಕು. ಆರೋಗ್ಯ ಇಲಾಖೆ ಈ ಆದೇಶವನ್ನು ತುಮಕೂರಿನಿಂದಲೇ ಜಾರಿಗೆ ತರಲಿ.