ಪಾಲ್ ಸೈಮನ್ ಮತ್ತು ಆ 33 ನಿಮಿಷ

ಪಾಲ್ ಸೈಮನ್ ಅಂದರೆ ನನಗೆ ಕಾಲೇಜು ದಿನಗಳಿಂದಲೂ ಹುಚ್ಚು. ಗಾರ್ಫಂಕಲ್ ಜೊತೆಗಿನ ಹಾಡುಗಳು, ಆಮೇಲೆ 1986ರ 'ಗ್ರೇಸ್‌ಲ್ಯಾಂಡ್'... ಕ್ಯಾಸೆಟ್ಟು ಸವೆಯುವಷ್ಟು ಕೇಳಿದ್ದೇನೆ. ಅಂಥ ನನಗೇ 2023ರ ಮೇ ತಿಂಗಳಲ್ಲಿ ಬಂದ 'ಸೆವೆನ್ ಸಾಮ್ಸ್' ಮೊದಲ ಸಲ ಚೂರೂ ಹಿಡಿಸಲಿಲ್ಲ ಅಂದರೆ ನಂಬುತ್ತೀರಾ?

ಹೆಸರಿಗೆ ಏಳು ಭಾಗ, ಆದರೆ ಇರುವುದು 33 ನಿಮಿಷದ ಒಂದೇ ಟ್ರ್ಯಾಕು. ಬೇಕಾದ ಹಾಡಿಗೆ ಹಾರುವ ಹಾಗಿಲ್ಲ. ಕಾಲು ಕುಣಿಸುವ ತಾಳವಿಲ್ಲ. ಬಹುಪಾಲು ಅವರ ಗಿಟಾರು, ಅವರ ದನಿ, ಅಲ್ಲಲ್ಲಿ ಗಂಟೆಯಂಥ ನಾದ, ಅಷ್ಟೇ. ನಾನು ಕೇಳಿದ್ದು ಮುಂಬೈ ಲೋಕಲ್ಲಿನ ನೂಕುನುಗ್ಗಲಿನಲ್ಲಿ, ಕುರ್ಲಾದಲ್ಲಿ ಒಂದು ತುಣುಕು, ದಾದರಿನಲ್ಲಿ ಇನ್ನೊಂದು. ಹಿಡಿದುಕೊಳ್ಳಲು ಒಂದು ಪಲ್ಲವಿಯೂ ಸಿಗಲಿಲ್ಲ. "ಅಜ್ಜನಿಗೆ ರಾಗ ಕಟ್ಟುವುದು ಮರೆತುಹೋಗಿದೆ" ಅಂತ ತೀರ್ಪು ಕೊಟ್ಟು ಸುಮ್ಮನಾದೆ.

ತಪ್ಪು ಅಜ್ಜನದಲ್ಲ, ನನ್ನದು. ಮಲ್ಲಿಕಾರ್ಜುನ ಮನ್ಸೂರರ ಒಂದು ರಾಗವನ್ನು ಅರ್ಧ ಗಂಟೆ ಕದಲದೆ ಕೇಳುವವನು ಸೈಮನ್ನಿಗೆ ಮಾತ್ರ ಮೂರು ನಿಮಿಷದ ಲೆಕ್ಕ ಯಾಕೆ ಹಾಕಬೇಕು? ಒಂದು ರಾತ್ರಿ ದೀಪ ಆರಿಸಿ ಪೂರ್ತಿ ಕೇಳಿದೆ. ಆಗ ತಿಳಿಯಿತು, ಪಲ್ಲವಿ ಇತ್ತು. ಮೊದಲ ಭಾಗ 'ದಿ ಲಾರ್ಡ್' ನಡುನಡುವೆ ತಿರುಗಿ ಬರುತ್ತದೆ, ಬಂದಾಗಲೆಲ್ಲ ಭಾರವಾಗಿ. ಅಲ್ಲಿನ ದೇವರು ಕಾಡು-ಹೊಲಗಳ ದೇವರು ಮಾತ್ರ ಅಲ್ಲ. ಕೋವಿಡ್ ವೈರಾಣುವೂ ಅವನೇ, ಉಕ್ಕುವ ಕಡಲೂ ಅವನೇ. ಇದನ್ನು ಭಕ್ತಿಗೀತೆ ಅನ್ನಲು ನನಗೆ ಮನಸ್ಸಿಲ್ಲ. ನಂಬಲೋ ಬೇಡವೋ ಅನ್ನುವ ಮುದಿ ಜೀವವೊಂದು ಬಾಗಿಲಲ್ಲಿ ನಿಂತು ಒಳಗೆ ಇಣುಕುವ ಹಾಗಿದೆ. ನನಗೆ ಹತ್ತಿರವಾದದ್ದು ಆ ಅನುಮಾನವೇ.

2018ರಲ್ಲಿ ವಿದಾಯದ ಪ್ರವಾಸ ಮುಗಿಸಿದ ಮನುಷ್ಯ ಇವರು. 2019ರ ಜನವರಿಯಲ್ಲಿ ಕನಸಿನಲ್ಲಿ ಈ ಹೆಸರು ಬಂತಂತೆ. ಆಮೇಲೆ ನಸುಕಿನಲ್ಲಿ ಎಚ್ಚರವಾದಾಗಲೆಲ್ಲ ಸಾಲುಗಳನ್ನು ಬರೆದುಕೊಂಡರಂತೆ. ಕೆಲಸದ ನಡುವೆಯೇ ಎಡಗಿವಿಯ ಶ್ರವಣಶಕ್ತಿ ಬಹುಪಾಲು ಹೋಯಿತು. ಆಲ್ಬಮ್ ಹೊರಬಂದಾಗ ವಯಸ್ಸು 81. ಕೊನೆಯ ಭಾಗ 'ವೇಟ್'ನಲ್ಲಿ ಇನ್ನೂ ಸ್ವಲ್ಪ ತಡೆ ಅಂತ ಸಾವಿಗೇ ಹೇಳುವಾಗ, ಹೆಂಡತಿ ಈಡಿ ಬ್ರಿಕೆಲ್ ದನಿ ಬಂದು ಕೂಡುತ್ತದೆ. ನನಗೆ ಗಂಟಲು ಕಟ್ಟಿತು, ಸುಳ್ಳು ಹೇಳುವುದಿಲ್ಲ.

ಹಾಗಂತ ಎಲ್ಲವೂ ಅದ್ಭುತ ಅನ್ನಲಾರೆ. ಮೂರನೆಯ ಭಾಗ 'ಮೈ ಪ್ರೊಫೆಷನಲ್ ಒಪಿನಿಯನ್'ನ ತಮಾಷೆ ನನಗೆ ಸಪ್ಪೆ ಅನಿಸಿತು. ಕಟ್ಟಿದ ಮೌನವನ್ನು ಅದು ಒಡೆಯುತ್ತದೆ. ದನಿಯೂ ಸವೆದಿದೆ. ಆದರೆ ಈ ಮಾತುಗಳಿಗೆ ಇಪ್ಪತ್ತೈದರ ದನಿ ಹೊಂದುತ್ತಿತ್ತೇ?

2025ರಲ್ಲಿ ಮತ್ತೆ ವೇದಿಕೆ ಹತ್ತಿದಾಗ, ಹಳೆಯ ಹಿಟ್‌ಗಳಿಗಿಂತ ಮೊದಲು ಇದನ್ನೇ ಪೂರ್ತಿ ಹಾಡಿದರು. ಅವರ ಹಟ ನನಗೆ ಈಗ ಅರ್ಥವಾಗುತ್ತದೆ. ನೀವೂ ಒಮ್ಮೆ 33 ನಿಮಿಷ ಕೊಟ್ಟು ನೋಡಿ. ಲೋಕಲ್ಲಿನಲ್ಲಿ ಮಾತ್ರ ಬೇಡ. ಹಿಡಿಸದಿದ್ದರೆ ಬಂದು ಬೈಯಿರಿ, ಬೈಸಿಕೊಳ್ಳಲು ತಯಾರಿದ್ದೇನೆ.